ಬರೆಯುವ ಕೈ, ನಡೆಯುವ ಕಾಲು

1

ಸರಕಾರ ಅನ್ನೋದು ಎಲ್ಲಿ ಹುಟ್ಟಿತು? ನಮ್ಮ ಪಠ್ಯಪುಸ್ತಕಗಳು ಈ ಪ್ರಶ್ನೆಗೆ ಕೊಡುವ ಉತ್ತರ ಎರಡು. ಒಂದು ಕೌಟಿಲ್ಯನ ಅರ್ಥಶಾಸ್ತ್ರ, ಇನ್ನೊಂದು ಕಂಪನಿ ಸರಕಾರದ ಕಲೆಕ್ಟರು. ಎರಡೂ ಮೇಲೆ ಕೂತು ಕೆಳಗೆ ನೋಡುವ ಉತ್ತರಗಳು. ಹುನಗುಂದ ಸೀಮೆಯ ಮರೋಳದಂಥ ಊರಿನ ಕೇರಿಯಲ್ಲಿ ನಿಂತು ಇದೇ ಪ್ರಶ್ನೆ ಕೇಳಿದರೆ ಬೇರೆ ಉತ್ತರ ಬರುತ್ತದೆ. ಅಲ್ಲಿ ಸರಕಾರಕ್ಕೆ ಮೂರು ಅಂಗ. ಹುಕುಂ ಮಾಡುವ ಬಾಯಿ ಗೌಡನದು, ಬರೆಯುವ ಕೈ ಕುಲಕರ್ಣಿಯದು, ನಡೆಯುವ ಕಾಲು ವಾಲೀಕಾರನದು. ಚರಿತ್ರೆ ಬರೆದವರೂ ಸಾಹಿತ್ಯ ವಿಮರ್ಶೆ ಬರೆದವರೂ ಆಡಳಿತವನ್ನು ಕೈಯ ಕಡೆಯಿಂದ ಓದಿದ್ದಾರೆ. ಅದನ್ನು ಕಾಲಿನ ಕಡೆಯಿಂದ ಓದಬೇಕು ಅನ್ನೋದು ನನ್ನ ವಾದ.

ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಗಡೆ, ಗಾವುಂಡ, ಸೇನಬೋವ ಮತ್ತೆ ಮತ್ತೆ ಬರುತ್ತಾರೆ. ಸೇನಬೋವನೇ ಮುಂದೆ ಶಾನುಭೋಗನಾದ. ನಮ್ಮ ಕಡೆ ಅವನ ಜಾಗದಲ್ಲಿ ಕುಲಕರ್ಣಿ ಬಂದ. ಆದರೆ ದತ್ತಿ ಹೊಲದ ಎಲ್ಲೆಯುದ್ದಕ್ಕೂ ನಡೆದು ತೋರಿಸಿದವನು ಯಾರು, ಎಲ್ಲೆಗೆ ಕಲ್ಲು ಹೊತ್ತು ತಂದವನು ಯಾರು? ಅವನ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಬರೆಯುವವನು ತನ್ನ ಹೆಸರನ್ನು ಮೊದಲು ಬರೆದುಕೊಳ್ಳುತ್ತಾನೆ. ದಾಖಲೆಯ ಹುಟ್ಟುಗುಣ ಇದು.

ಕಾಲಿನವನ ಗುರುತು ಉಳಿದದ್ದು ಅಡ್ಡಹೆಸರಿನಲ್ಲಿ. ಉತ್ತರ ಕರ್ನಾಟಕದ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿ: ದೇಸಾಯಿ, ದೇಶಪಾಂಡೆ, ನಾಡಗೌಡ, ಪಾಟೀಲ, ಕುಲಕರ್ಣಿ, ತಳವಾರ, ವಾಲೀಕಾರ. ಹುಡುಗರ ಹಾಜರಿ ಕರೆದರೆ ಹಳೇ ಸರಕಾರದ ಹುದ್ದೆಗಳ ಪಟ್ಟಿ ಓದಿದಂಗಾಗುತ್ತದೆ. ಹುದ್ದೆ ಜಾತಿಗೆ ಅಂಟಿತು, ಆಮೇಲೆ ಹೆಸರಿಗೂ ಅಂಟಿತು.

2

ಜರ್ಮನಿಯ ಮ್ಯಾಕ್ಸ್ ವೇಬರ್ ಆಧುನಿಕ ನೌಕರಶಾಹಿಯ ಲಕ್ಷಣಗಳನ್ನು ಪಟ್ಟಿ ಮಾಡಿದ. ಅವನು ತೀರಿಹೋದ ಮೇಲೆ, 1922ರ ಹೊತ್ತಿಗೆ, ಆ ಬರಹ ಅಚ್ಚಾಗಿ ಬಂತು. ಹುದ್ದೆ ಯಾರ ಆಸ್ತಿಯೂ ಅಲ್ಲ. ಕೆಲಸ ಇಂತಿಷ್ಟೇ ಎಂದು ನಿಯಮ ಹೇಳಬೇಕು. ನೌಕರನಿಗೆ ನಗದು ಸಂಬಳ ಇರಬೇಕು. ಬೇಡವೆಂದರೆ ಬಿಟ್ಟುಹೋಗುವ ಸ್ವಾತಂತ್ರ್ಯ ಇರಬೇಕು. ಇದನ್ನು ಬ್ರಿಟಿಷರು ನಮಗೆ ತಂದುಕೊಟ್ಟರು ಅಂತಾರೆ. ತಂದರು, ಖರೆ. ಆದರೆ ತಾಲೂಕು ಕಚೇರಿಯ ಹೊಸ್ತಿಲತನಕ ಮಾತ್ರ.

ಹೊಸ್ತಿಲಿಂದ ಈಚೆ ಏನಿತ್ತು? ವಾಲೀಕಾರ ರೈತರನ್ನು ಚಾವಡಿಗೆ ಕರೆಯಬೇಕು, ಟಪಾಲು ಒಯ್ಯಬೇಕು, ಡಂಗುರ ಸಾರಬೇಕು, ಬಂದ ಸಾಹೇಬರ ಸಾಮಾನು ಹೊರಬೇಕು, ಬಾಂದುಕಲ್ಲು ಕಾಯಬೇಕು, ಸತ್ತ ಸುದ್ದಿ ಊರೂರಿಗೆ ಮುಟ್ಟಿಸಬೇಕು. ಇದರಲ್ಲಿ ಸರಕಾರದ ಕೆಲಸ ಯಾವುದು, ಗೌಡನ ಮನೆಯ ಬಿಟ್ಟಿ ಯಾವುದು? ಗೆರೆ ಎಳೆದವರಿಲ್ಲ. ಪ್ರತಿಫಲವಾಗಿ ಒಂದು ತುಂಡು ಚಾಕರಿ ಹೊಲ, ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಪಡೆಯುವ ಆಯ. ಈ ಚಾಕರಿ ಕೆಲವು ಊರುಗಳಲ್ಲಿ ಬೇರೆ ಜಾತಿಗಳ ಪಾಲಿಗೂ ಇತ್ತು; ಹೊಲೆಯರ ಪಾಲಿಗೆ ಬಂದಲ್ಲಿ ಅದರ ಜೊತೆ ಮುಟ್ಟಿಸಿಕೊಳ್ಳದ ಮೈಲಿಗೆಯೂ ಬಂತು. ಚಾವಡಿಯ ಕಾಗದ ಹೊತ್ತವನು ಚಾವಡಿಯ ಕಟ್ಟೆ ಹತ್ತುವಂತಿರಲಿಲ್ಲ.

ಇದು ಬರೀ ರೂಢಿ ಆಗಿದ್ದರೆ ಮಾತು ಬೇರೆ. ಮುಂಬಯಿ ಇಲಾಖೆಯ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಇದಕ್ಕೆ ಸರಕಾರದ ಮುದ್ರೆ ಒತ್ತಿತು. ಹುನಗುಂದ ಆಗ ಅದೇ ಇಲಾಖೆಯಲ್ಲಿತ್ತು. ಮೇಲೆ ಸಂಬಳದ ಕಲೆಕ್ಟರು, ಮಾಮಲೇದಾರ, ಕಾರಕೂನ. ಕೆಳಗೆ ಖಜಾನೆಗೆ ಖರ್ಚಿಲ್ಲದ ಮನುಷ್ಯ. ಕಟ್ಟಡ ಹೊಸದು, ಪಾಯ ಜಾತಿಯದು.

1928ರಲ್ಲಿ ಅಂಬೇಡ್ಕರ್ ಮುಂಬಯಿ ಶಾಸನಸಭೆಯಲ್ಲಿ ಈ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಮಹಾರ ವತನ್‌ದಾರ ಹಗಲು ರಾತ್ರಿ ಚಾಕರಿಗೆ ಸಿದ್ಧ ಇರಬೇಕು, ಅವನಿಲ್ಲದಾಗ ಮನೆಯವರು ಹೋಗಬೇಕು ಎಂದು ವಿವರಿಸಿದರು. ಅವರು ಕೇಳಿದ್ದೇನು? ಕೆಲಸ ಇಂತಿಷ್ಟೇ ಎಂದು ಗೊತ್ತುಮಾಡಿ. ಕಾಳಿನ ಬದಲು ನಗದು ಕೊಡಿ, ಅದನ್ನು ಕಂದಾಯದ ಜೊತೆ ಸರಕಾರವೇ ವಸೂಲು ಮಾಡಲಿ. ಬೇಡ ಅನ್ನುವವನು ಹೊಲಕ್ಕೆ ಪೂರ್ತಿ ಕಂದಾಯ ಕಟ್ಟಿ ಚಾಕರಿ ಬಿಡಲಿ. ಆಯ್ಕೆ ಸಮಿತಿಯಲ್ಲಿ ಮಸೂದೆಯ ಜೀವ ಉಳಿಯಲಿಲ್ಲ. ಅವರು ಅದನ್ನು ಹಿಂದಕ್ಕೆ ಪಡೆಯಬೇಕಾಯಿತು.

ವೇಬರನ ಪಟ್ಟಿಯನ್ನೂ ಈ ಬೇಡಿಕೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ವೇಬರ್ ಕಂಡು ಬರೆದದ್ದನ್ನು ಇಲ್ಲಿ ಕೇರಿಯ ಪರವಾಗಿ ಹಕ್ಕಾಗಿ ಕೇಳಲಾಯಿತು. ಚಳವಳಿಯ ಕೆಲವು ಗೆಳೆಯರು ಅಧಿಕಾರಶಾಹಿ ನಾಶವಾಗಲಿ ಅಂತಾರೆ. ನಾನು ಅಷ್ಟು ಸಲೀಸಾಗಿ ಅನ್ನಲಾರೆ. ಮುಖ ನೋಡದ ನಿಯಮ, ಕೆಲಸಕ್ಕೊಂದು ಹೊತ್ತು, ಕೈಗೆ ಸಂಬಳ: ಇವು ಕಣದ ಅಂಚಿನಲ್ಲಿ ನಿಂತವನಿಗೆ ಬಿಡುಗಡೆಯ ದಾರಿಗಳು. ನಮ್ಮ ತಕರಾರು ನೌಕರಶಾಹಿ ಬಂತು ಅನ್ನೋದಲ್ಲ. ಅದು ಊರ ಅಗಸಿಯ ಹೊರಗೇ ನಿಂತಿತು ಅನ್ನೋದು.

3

ಈ ಕಣ್ಣಿನಿಂದ ಕನ್ನಡ ಸಾಹಿತ್ಯಕ್ಕೆ ಬರೋಣ. ಆಡಳಿತ ಕುರಿತು ಕನ್ನಡದಲ್ಲಿ ಒಳ್ಳೆಯ ಗದ್ಯ ಇದೆ. ಹಳೇ ಮೈಸೂರಿನ ಅಮಲ್ದಾರರಾಗಿದ್ದ ನವರತ್ನ ರಾಮರಾಯರ 'ಕೆಲವು ನೆನಪುಗಳು' ಓದಿದವರಿಗೆ ಅದರ ಸೊಗಸು ಗೊತ್ತು. ಆದರೆ ಅದು ಅಧಿಕಾರಿಯ ಕಣ್ಣು ಕಂಡ ಊರು. ನಮ್ಮ ವಿಮರ್ಶೆ ಆ ಸೊಗಸನ್ನು ಹೊಗಳಿತು. ಡೇರೆಯ ಗೂಟ ಬಡಿದವನಿಗೆ ಆ ದಿನದ ಕೂಲಿ ಬಂತೇ ಎಂದು ಕೇಳಲಿಲ್ಲ.

ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸರಕಾರ ಪೊಲೀಸರ ರೂಪದಲ್ಲಿ ಸಾಕವ್ವನ ಗುಡಿಸಲಿಗೆ ನುಗ್ಗುತ್ತದೆ, ಕಳುವಾದ ಕಡಲೆಕಾಯಿ ಹುಡುಕಿಕೊಂಡು. ಹಸಿದ ಮನೆ ಕಾಣದ ಸರಕಾರಕ್ಕೆ ಕಡಲೆಕಾಯಿ ಸಿಪ್ಪೆ ಕಾಣುತ್ತದೆ. ಇಲ್ಲಿ ಕಣ್ಣು ಗುಡಿಸಲಿನ ಒಳಗಿಂದ ನೋಡುತ್ತದೆ. ಕನ್ನಡದಲ್ಲಿ ಆಡಳಿತದ ವರ್ಣನೆ ದಿಕ್ಕು ಬದಲಿಸಿದ್ದು ಇಂಥಲ್ಲಿ.

ಮುದ್ದೇಬಿಹಾಳದ ಕಡೆಯಿಂದ ಬಂದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು. ಮೀಸಲಾತಿಯಿಂದ ಮೇಲೆ ಬಂದವರನ್ನು ಚುಚ್ಚುವ ಮಾತನ್ನೇ ಅವರು ಹೆಸರಾಗಿ ಇಟ್ಟರು. ಆ ಹೆಸರಿನ ವ್ಯಂಗ್ಯ ನಾವು ಅಂದುಕೊಂಡದ್ದಕ್ಕಿಂತ ಆಳ ಇದೆ. ಚುಚ್ಚುವವನ ತಿಳಿವಳಿಕೆಯಲ್ಲಿ ದಲಿತ ಸರಕಾರದ ಒಳಗೆ ಬಂದದ್ದು ನಿನ್ನೆ ಮೊನ್ನೆ. ಖರೆ ಏನಂದರೆ ಅವನ ಮುತ್ತಜ್ಜನೂ ಸರಕಾರದ ಮನುಷ್ಯನೇ, ಸಂಬಳ ಇಲ್ಲದ ಮನುಷ್ಯ. ಮೀಸಲಾತಿ ಅವನಿಗೆ ಸರಕಾರ ಕೊಡಲಿಲ್ಲ, ಕುರ್ಚಿ ಕೊಟ್ಟಿತು. ಸಿಟ್ಟು ಬಂದದ್ದು ಕುರ್ಚಿಗೆ. 'ವ್ಯೋಮಾವ್ಯೋಮ' ಮಹಾಕಾವ್ಯ ಬರೆದ ಚೆನ್ನಣ್ಣ ವಾಲೀಕಾರರು ಆ ಹುದ್ದೆಯ ಹೆಸರನ್ನೇ ಹೊತ್ತು ಕನ್ನಡ ಕಾವ್ಯದ ಪಡಸಾಲೆಗೆ ನಡೆದು ಬಂದದ್ದನ್ನೂ ಹೀಗೇ ಓದಬೇಕು.

4

ಕರ್ನಾಟಕದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ವತನ್ ಹೋಯಿತು. ಹೊಲವನ್ನು ಸರಕಾರ ತೆಗೆದುಕೊಂಡು, ಹಣ ಕಟ್ಟಿಸಿಕೊಂಡು, ಹಿಂದಿನ ಹುದ್ದೆದಾರರಿಗೇ ಮರುಮಂಜೂರು ಮಾಡಿತು. ಕುಲಕರ್ಣಿಗೂ ವಾಲೀಕಾರನಿಗೂ ಒಂದೇ ಕಾಯ್ದೆ. ಅರ್ಜಿ ಬರೆಯಬಲ್ಲವನು, ಕಂತು ಕಟ್ಟಬಲ್ಲವನು ಯಾರು ಅಂತ ಬೇರೆ ಹೇಳಬೇಕೇ?

ಅರಸು ಕಾಲದಲ್ಲಿ, 1978ರಲ್ಲಿ, ದಲಿತರ ಮಂಜೂರಾತಿ ಭೂಮಿ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆ ಬಂತು. ದೊಡ್ಡ ಕಾಯ್ದೆ. ಆದರೆ 'ಮಂಜೂರಾದ ಭೂಮಿ'ಯ ವ್ಯಾಖ್ಯೆಯೊಳಗೆ ಒಂದು ಸಣ್ಣ ಮಾತು ಕೂತಿದೆ: ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ್ದು ಹೊರತು. ಅಂದರೆ ಸರಕಾರ ಹೊಸದಾಗಿ ಕೊಟ್ಟ ಹೊಲಕ್ಕೆ ಬೇಲಿ ಉಂಟು. ತಲೆಮಾರುಗಟ್ಟಲೆ ನಡೆದು ನಡೆದು ದುಡಿದ ಚಾಕರಿ ಹೊಲಕ್ಕೆ ಇಲ್ಲ. ಅದಕ್ಕೆ ರದ್ದತಿ ಕಾಯ್ದೆಗೆ ಮಾಡಿದ ಬೇರೊಂದು ತಿದ್ದುಪಡಿ ಕೊಟ್ಟ ರಕ್ಷಣೆ ಹದಿನೈದು ವರ್ಷದ್ದು. 1993ಕ್ಕೆ ಅದೂ ಮುಗಿಯಿತು. ಈ ಒಂದು ಮಾತಿನ ಮೇಲೆ ಒಬ್ಬ ವಿಮರ್ಶಕನೂ ಬರೆದದ್ದನ್ನು ನಾನು ಓದಿಲ್ಲ. ಪಠ್ಯ ಅಂದರೆ ಕವಿತೆ ಕತೆ ಮಾತ್ರವೇ?

ಮರೋಳದ ಹೆಸರು ಈಗ ಹನಿ ನೀರಾವರಿಯಿಂದ ಕೇಳಿಬರುತ್ತದೆ. 24,000 ಹೆಕ್ಟೇರಿನ ಯೋಜನೆ, ನಾರಾಯಣಪುರ ಜಲಾಶಯದ ನೀರು. ಪೈಪು ಹೊಲಕ್ಕೆ ಬರುತ್ತದೆ, ಲಾಭ ಪಹಣಿಯ ಹೆಸರಿಗೆ ಹೋಗುತ್ತದೆ. ಒಣ ಬೇಸಾಯದ ಕಾಲದಲ್ಲಿ ಹೊಲ ಕಳಕೊಂಡವನು ನೀರಿನ ಕಾಲದಲ್ಲಿ ಕೂಲಿಯಾಗಿ ಅದೇ ಹೊಲಕ್ಕೆ ಹೋಗುತ್ತಾನೆ.

ಹುದ್ದೆಗಳ ಕತೆಯೂ ಹೀಗೇ. ಬರೆಯುವ ಕೈ ಗ್ರಾಮ ಲೆಕ್ಕಿಗನಾಗಿ ಸಂಬಳಕ್ಕೆ ಬಂತು; ಈಗ ಅದರ ಹೆಸರು ಗ್ರಾಮ ಆಡಳಿತ ಅಧಿಕಾರಿ. ಆ ಕುರ್ಚಿಗೆ ನಮ್ಮ ಹುಡುಗ ಹುಡುಗಿಯರೂ ಬಂದಿದ್ದಾರೆ, ಅದು ಗೆಲುವೇ. ನಡೆಯುವ ಕಾಲು ಮಾತ್ರ ಗ್ರಾಮ ಸಹಾಯಕ. ಅವನಿಗೆ ಸಂಬಳ ಇಲ್ಲ, ಗೌರವಧನ. ಡಿ ಗ್ರೂಪ್ ನೌಕರ ಎಂದು ಒಪ್ಪಿರಿ ಅಂತ ಧರಣಿ ಕೂತಿದ್ದಾರೆ. 1928ರ ಬೇಡಿಕೆಯೇ ಇನ್ನೊಂದು ಸಲ. ವಿಧಾನಸೌಧದ ಹಣೆಯ ಮೇಲೆ ಸರಕಾರದ ಕೆಲಸ ದೇವರ ಕೆಲಸ ಅಂತ ಕೆತ್ತಿದ್ದಾರೆ. ಊರ ದೇವರ ಕೆಲಸದಲ್ಲಿ ಗರ್ಭಗುಡಿ ಯಾರಿಗೆ, ಹೊರಗೆ ನಿಂತು ಹಲಿಗೆ ಬಡಿಯೋದು ಯಾರಿಗೆ ಅಂತ ಗೊತ್ತಿದ್ದವರಿಗೆ ಆ ಮಾತು ಬೇರೆಯೇ ಕೇಳಿಸುತ್ತದೆ.

ಕಾರ್ಯಕರ್ತರಿಗೂ ವಿದ್ಯಾರ್ಥಿಗಳಿಗೂ ನನ್ನದೊಂದು ಸೂಚನೆ. 2005ರ ಮಾಹಿತಿ ಹಕ್ಕು ಕಾಯ್ದೆ ಕೈಯಲ್ಲಿದೆ. ನಿಮ್ಮ ನಿಮ್ಮ ತಾಲೂಕಿನ ವತನ್ ಹೊಲಗಳ ಮರುಮಂಜೂರಾತಿ ಕಡತಗಳನ್ನು ಕೇಳಿ ಪಡೆಯಿರಿ. ಸರ್ವೆ ನಂಬರು, ಯಾರ ಹೆಸರಿಗೆ ಆಯಿತು, ಈಗ ಯಾರ ಹೆಸರಲ್ಲಿದೆ: ಈ ಮೂರು ಸಾಲು ಬರೆದರೆ ಸಾಕು. ಕೇರಿಯ ಹಿರಿಯರನ್ನು ಕೂರಿಸಿ ಓದಿ ಹೇಳಿ. ಎಲ್ಲಿ ತಪ್ಪಿದೆ ಅಂತ ಅವರು ಹೇಳ್ತಾರೆ, ಅದನ್ನೂ ಬರೆದುಕೊಳ್ಳಿ.