ಮಾಸು, ಜರಾಯು, ಅಪರೆ: ಒಂದು ಪದವಿಚಾರ

ಕೋಲಾರ ತಾಲ್ಲೂಕಿನ ಕ್ಯಾಲನೂರು ಮೊದಲಾದ ಊರುಗಳಲ್ಲಿ ಕನ್ನಡ ತೆಲುಗುಗಳೆರಡೂ ಕಿವಿಗೆ ಬೀಳುವ ಮಾತುಗಳು. ಹೆರಿಗೆಯಾದ ಮನೆಯಲ್ಲಿ ಕನ್ನಡದವರು ‘ಮಾಸು ಬಿದ್ದಿತೇ’ ಎಂದು ಕೇಳುವಲ್ಲಿ ತೆಲುಗಿನವರು ‘ಮಾವಿ’ ಎನ್ನುವರು. ಶಾಲೆಯ ಜೀವಶಾಸ್ತ್ರದಲ್ಲಿ ಅದೇ ವಸ್ತುವಿಗೆ ‘ಜರಾಯು’ ಎಂಬ ಹೆಸರು. ಕನ್ನಡದ ಈ ಎರಡು ಹೆಸರುಗಳಲ್ಲಿ ಯಾವುದಾದರೂ ಆ ಅವಯವದ ಸ್ವರೂಪವನ್ನು ತಿಳಿಸುವುದೇ ಎಂಬುದು ವಿಚಾರಣೀಯವಾಗಿದೆ.

‘ಮಾಸು’ ಎಂಬುದಕ್ಕೆ ಕೊಳೆಯೆಂಬ ಅರ್ಥವೂ ಉಂಟು. ಹೊರಬಿದ್ದ ಮೇಲೆ ಕಂಡುದರ ಹೆಸರಿದು. ‘ಜರಾಯು’ವಾದರೋ ಗರ್ಭವನ್ನು ಸುತ್ತಿದ ಪೊರೆ. ಅಮರಸಿಂಹನು ಇದನ್ನು ಗರ್ಭಾಶಯಕ್ಕೆ ಪರ್ಯಾಯವಾಗಿ ಹೇಳಿರುವುದರಿಂದ ಸಂದೇಹವು ಇನ್ನೂ ಹೆಚ್ಚಿದೆ. ಚರಕಸಂಹಿತೆಯ ಶಾರೀರಸ್ಥಾನವು ಗರ್ಭವು ಜರಾಯುವಿನಿಂದ ಆವೃತವೆಂದು ಹೇಳಿ, ‘ಅಪರಾ’ ಎಂಬುದನ್ನು ಬೇರೆಯಾಗಿಯೇ ನಿರೂಪಿಸುತ್ತದೆ: ಶಿಶುವಿನ ನಾಭಿಗೆ ನಾಳ, ನಾಳಕ್ಕೆ ಅಪರೆ, ಅಪರೆಗೆ ತಾಯಿಯ ಹೃದಯ. ಶಬ್ದದ ವ್ಯುತ್ಪತ್ತಿಯು ಕಾರ್ಯವನ್ನು ಹೇಳದಿದ್ದರೂ ಲಕ್ಷಣವು ಸಂಬಂಧವನ್ನು ಸ್ಪಷ್ಟಪಡಿಸಿದೆ.

ಆದರೆ ಇಷ್ಟರಿಂದಲೇ ಆಧುನಿಕ ಶಾಸ್ತ್ರವೆಲ್ಲವೂ ಚರಕನಲ್ಲಿದೆಯೆಂದು ಸಾಧಿಸಹೊರಡುವುದು ವಿಮರ್ಶೆಯಲ್ಲ, ಅಭಿಮಾನ. ತಡೆಯಲ್ಪಟ್ಟ ಆರ್ತವವೇ ಅಪರೆಯಾಗುವುದೆಂಬ ಸುಶ್ರುತಸಂಹಿತೆಯ ಮತವು ಇಂದು ನಿಲ್ಲದು. ಅಪರೆಯ ಬಹುಭಾಗವು ಭ್ರೂಣದ ಹೊರಪದರದ ಕೋಶಗಳಿಂದಲೇ ಬೆಳೆಯುತ್ತದೆ. ತಾಯಿಯ ರಕ್ತವೂ ಶಿಶುವಿನ ರಕ್ತವೂ ಅಲ್ಲಿ ಸಮೀಪದಲ್ಲಿ ಹರಿದರೂ ಒಂದಾಗಿ ಹರಿಯುವುದಿಲ್ಲ.

ಭ್ರೂಣವು ಗರ್ಭಾಶಯದಲ್ಲಿ ನೆಲೆಗೊಳ್ಳುವಾಗಿನಿಂದ ಉಭಯಪಕ್ಷಗಳ ನಡುವೆ ವ್ಯವಹಾರ ನಡೆಸುವವುಗಳಲ್ಲಿ, ಕೋಶಗಳು ಸ್ರವಿಸುವ ಸೈಟೊಕೈನುಗಳೆಂಬ ಸಣ್ಣ ಪ್ರೋಟೀನುಗಳು ಮುಖ್ಯವಾದುವು. ಇವುಗಳಲ್ಲೊಂದಾದ ‘ಲಿಫ್’ ಇಲ್ಲದ ಹೆಣ್ಣಿಲಿಗಳಲ್ಲಿ ಭ್ರೂಣವು ನೆಲೆಗೊಳ್ಳದೆಂದು 1992ರಲ್ಲಿ ತಿಳಿದುಬಂದಿತು. ಉರಿಯೂತವನ್ನು ಕೆರಳಿಸುವ ಸೈಟೊಕೈನುಗಳು ಗರ್ಭಕ್ಕೆ ಕೇಡು, ಶಮನಗೊಳಿಸುವವು ಹಿತ ಎಂಬ ವಿಭಾಗವನ್ನು 1993ರಲ್ಲಿ ವೆಗ್‌ಮನ್ ಮೊದಲಾದವರು ಮುಂದಿಟ್ಟರು. ಅದು ಅತಿಸರಳವೆಂದು ಅನಂತರ ಕಂಡುಬಂದಿತು. ನೆಲೆಗೊಳ್ಳುವುದಕ್ಕೇ ಉರಿಯೂತವು ಸ್ವಲ್ಪಮಟ್ಟಿಗೆ ಬೇಕು. ಇಲಿಗಳಲ್ಲಿ ಇಂಟರ್‌ಫೆರಾನ್ ಗಾಮಾ ಮಿತವಾಗಿದ್ದರೆ ಗರ್ಭಾಶಯದ ರಕ್ತನಾಳಗಳು ಹಿಗ್ಗಲು ನೆರವಾಗುವುದು. ಅತಿಯಾದರೆ ಗರ್ಭವನ್ನೇ ಕೆಡಿಸುವುದು.

ಶಬ್ದಶಾಸ್ತ್ರವನ್ನು ಬಲ್ಲವರಿಗೆ ಈ ನ್ಯಾಯವು ಹೊಸದಲ್ಲ. ‘ಸೈಂಧವ’ವೆಂದರೆ ಊಟದ ಹೊತ್ತಿನಲ್ಲಿ ಉಪ್ಪು, ಪ್ರಯಾಣದ ಹೊತ್ತಿನಲ್ಲಿ ಕುದುರೆ, ಅರ್ಥವನ್ನು ನಿರ್ಣಯಿಸುವುದು ಪ್ರಕರಣ. ಸೈಟೊಕೈನಿಗೆ ಕಾಲ, ಪ್ರಮಾಣ, ಅದನ್ನು ಗ್ರಹಿಸುವ ಕೋಶ ಇವೇ ಪ್ರಕರಣಗಳು. ಇದು ದೃಷ್ಟಾಂತವೇ ಹೊರತು ಪ್ರಮಾಣವಲ್ಲ.

ಹೆಸರಿನ ಈ ಚರ್ಚೆ ನಿಷ್ಫಲವೆಂದು ತಿಳಿಯಬಾರದು. ಮನುಷ್ಯರಲ್ಲಿ ಅಪರೆಗೆ ರಕ್ತವನ್ನೊಯ್ಯುವ ನಾಳಗಳು ತಕ್ಕಷ್ಟು ಹಿಗ್ಗದಿದ್ದರೆ, ತಾಯಿಯ ರಕ್ತದೊತ್ತಡವೇರುವ ಗರ್ಭನಂಜು ಉಂಟಾಗಬಹುದು. ಕೇವಲ ಪೊರೆಯೆಂದೋ ಕೊಳೆಯೆಂದೋ ಕಲಿತ ವಿದ್ಯಾರ್ಥಿಯು, ಅದು ತಾಯಿಯ ಪ್ರಾಣಕ್ಕೆ ಹೇಗೆ ಸಂಬಂಧಪಟ್ಟಿತೆಂಬುದನ್ನು ಕೇಳುವುದೇ ಇಲ್ಲ. ಆದುದರಿಂದ ಮನೆಮಾತಿನಲ್ಲಿ ಮಾಸು ಉಳಿಯಲಿ. ಶಾಸ್ತ್ರಗ್ರಂಥಗಳಲ್ಲಿ ಪೊರೆಗೆ ಜರಾಯುವೆಂದೂ ಅವಯವಕ್ಕೆ ಅಪರೆಯೆಂದೂ ನಿಯಮವಾಗುವುದು ಯುಕ್ತ.