ಗರಡಿಯೊಳಗೊಬ್ಬ ಸಂಶೋಧಕ

1988ರಲ್ಲಿ ಶಿಕಾಗೋದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಫ್ರಾನ್ಸಿನ ಲೊಯಿಕ್ ವಾಕಾಂ, ಕಪ್ಪು ಜನರ ವುಡ್‌ಲಾನ್ ಬಡಾವಣೆಯ ಬಾಕ್ಸಿಂಗ್ ಗರಡಿ ಸೇರಿದರು. ಆ ಬಡಾವಣೆಯ ಬದುಕನ್ನು ಹತ್ತಿರದಿಂದ ನೋಡಲು ಅವರಿಗೊಂದು ಜಾಗ ಬೇಕಿತ್ತು, ಅಷ್ಟೆ. ಮೂರು ವರ್ಷ ಬೆವರು ಹರಿಸುವಷ್ಟರಲ್ಲಿ ಬಾಕ್ಸಿಂಗೇ ಅವರ ವಿಷಯವಾಗಿತ್ತು. 2000ರಲ್ಲಿ ಫ್ರೆಂಚಿನಲ್ಲೂ 2004ರಲ್ಲಿ ‘ಬಾಡಿ ಅಂಡ್ ಸೋಲ್’ ಎಂದು ಇಂಗ್ಲಿಷಿನಲ್ಲೂ ಬಂದ ಪುಸ್ತಕ ಆ ವರ್ಷಗಳ ಫಲ.

ಪುಸ್ತಕದ ಜೀವ ಇರುವುದು ದಿನದ ಅಭ್ಯಾಸದ ವಿವರಗಳಲ್ಲಿ. ಕನ್ನಡಿಯೆದುರು ಗಾಳಿಗೆ ಗುದ್ದುವುದು, ಚೀಲಕ್ಕೆ ಗುದ್ದುವುದು, ಹಗ್ಗ ಜಿಗಿಯುವುದು, ಮತ್ತೆ ಅದೇ. ಕೋಚ್ ಡೀಡೀ ಆರ್ಮರ್ ಪಾಠ ಹೇಳುವವರಲ್ಲ. ನೋಡಿ, ಮಾಡಿಯೇ ಕಲಿಯಬೇಕು. ದೇಹಕ್ಕೂ ತನ್ನದೇ ತಿಳಿವಳಿಕೆಯಿದೆ, ಅದು ಓದಿನಿಂದ ಬರುವುದಿಲ್ಲ ಎಂಬ ವಾದವನ್ನು ವಾಕಾಂ ತಮ್ಮ ಮೈಯಿಂದಲೇ ಸಾಬೀತು ಮಾಡುತ್ತಾರೆ. ಬೀದಿಯ ಹಿಂಸೆಯಿಂದ ಆ ಹುಡುಗರಿಗೆ ಗರಡಿಯೇ ಮರೆ ಎಂಬುದನ್ನೂ ಕಾಣಿಸುತ್ತಾರೆ.

ನನ್ನ ತಕರಾರಿರುವುದು ಕೊನೆಯ ಬಗ್ಗೆ. 1990ರ ಗೋಲ್ಡನ್ ಗ್ಲೌಸ್ ಪಂದ್ಯದಲ್ಲಿ ಸೋತ ವಾಕಾಂಗೆ ಮತ್ತೆ ಆಡುವ ಹುಮ್ಮಸ್ಸು. ಪುಸ್ತಕ ಬರೆಯಲು ಇಷ್ಟು ಸಾಕು, ಇನ್ನು ಕಣಕ್ಕಿಳಿಯಬೇಡ ಎಂದು ಡೀಡೀ ತಡೆಯುತ್ತಾರೆ. ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ನನಗೋ ನಿಜವಾದ ಪ್ರಶ್ನೆ ಅಲ್ಲಿಂದಲೇ ಶುರುವಾಗಬೇಕಿತ್ತು ಅನ್ನಿಸಿತು. ಬಾಕ್ಸರನಿಗೆ ದೇಹವೇ ಬಂಡವಾಳ ಎಂದು ಬಲ್ಲ ಲೇಖಕರು, ತಮಗೆ ಬೇರೆ ಬಂಡವಾಳವಿದೆ ಎಂಬುದನ್ನು ಅಷ್ಟೇ ಗಟ್ಟಿಯಾಗಿ ಪರೀಕ್ಷಿಸುವುದಿಲ್ಲ. ಅದನ್ನು ಹೇಳಿದ್ದು ಕೋಚ್.

ಕ್ಷೇತ್ರಕಾರ್ಯಕ್ಕೆ ಹೊರಡುವ ನನ್ನಂಥವರು ಈ ಪುಸ್ತಕ ಓದಬೇಕು. ಬಿಡದೆ ದುಡಿದರೆ ಹೊರಗಿನವರಿಗೂ ಒಳಗಿನ ವಿದ್ಯೆ ಒಲಿಯುತ್ತದೆ, ನಿಜ. ಆದರೆ ಬೇಕೆಂದಾಗ ಎದ್ದು ಹೊರಡಬಲ್ಲವರ ಮೈಗೆ, ಹೊರಡಲಾರದವರ ಭಯ ಅಭ್ಯಾಸದಿಂದ ಬರುವುದಿಲ್ಲ.