ಮಗನನ್ನು ಕೊಂಡ ತಂದೆ: ಗುಲಾಮಗಿರಿಯ ಕಾದಂಬರಿಗಳಲ್ಲಿ ಕಾನೂನು

ಅಗಸ್ಟಸ್ ಟೌನ್‌ಸೆಂಡ್ ವರ್ಜೀನಿಯಾದ ಒಬ್ಬ ಕಪ್ಪು ಬಡಗಿ. ದುಡಿದು ಕೂಡಿಟ್ಟ ಹಣದಿಂದ ಮೊದಲು ತನ್ನನ್ನು, ಆಮೇಲೆ ಹೆಂಡತಿ ಮಿಲ್ಡ್ರೆಡ್‌ಳನ್ನು, ಕೊನೆಗೆ ಮಗ ಹೆನ್ರಿಯನ್ನು ಯಜಮಾನನಿಂದ ಬಿಡಿಸಿಕೊಳ್ಳುತ್ತಾನೆ. ಆದರೆ ಮಗನ ಬಿಡುಗಡೆಗೆ ಅರ್ಜಿ ಹಾಕುವುದಿಲ್ಲ. ಬಿಡುಗಡೆಯಾದ ಗುಲಾಮ 12 ತಿಂಗಳೊಳಗೆ ರಾಜ್ಯ ಬಿಟ್ಟು ಹೋಗಬೇಕು, ಹೋಗದಿದ್ದರೆ ಮತ್ತೆ ಗುಲಾಮನಾಗಬೇಕು ಎಂದು 1806ರ ವರ್ಜೀನಿಯಾ ಕಾಯ್ದೆ ಹೇಳುತ್ತಿತ್ತು. ಮಗ ಕಣ್ಣೆದುರಿಗೇ ಇರಬೇಕೆಂದರೆ ಅವನು ಕಾಗದದ ಮೇಲೆ ತಂದೆಯ ಸ್ವತ್ತಾಗಿರಬೇಕು. ಎಡ್ವರ್ಡ್ ಪಿ. ಜೋನ್ಸ್ 2003ರಲ್ಲಿ ಬರೆದ, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ‘ದಿ ನೋನ್ ವರ್ಲ್ಡ್’ ಕಾದಂಬರಿಯ ಬುನಾದಿ ಇದು. ಅಮೆರಿಕದ ಗುಲಾಮಗಿರಿಯ ಬಗ್ಗೆ ಬಂದ ಕಥನಗಳಲ್ಲಿ ಕಾನೂನನ್ನು ಇಷ್ಟು ಆಳವಾಗಿ ಮನೆಯೊಳಗೆ ತಂದ ಕೃತಿ ನನ್ನ ಓದಿನಲ್ಲಿ ಇನ್ನೊಂದಿಲ್ಲ.

ಗುಲಾಮಗಿರಿಯ ಕಾದಂಬರಿಗೆ ಚಾಟಿ, ಸರಪಳಿ, ಕ್ರೂರ ಯಜಮಾನ ಸುಲಭವಾಗಿ ದಕ್ಕುವ ಸಾಮಗ್ರಿ. ಅವು ಸುಳ್ಳಲ್ಲ. ಆದರೆ ಕಥೆ ಅಲ್ಲಿಗೇ ನಿಂತರೆ, ಯಜಮಾನ ಒಳ್ಳೆಯವನಾಗಿದ್ದರೆ ಸಾಕಿತ್ತು ಎಂಬ ಸಮಾಧಾನ ಓದುಗನಿಗೆ ಸಿಕ್ಕಿಬಿಡುತ್ತದೆ. ಆ ಸಮಾಧಾನವನ್ನು ಕಿತ್ತುಕೊಳ್ಳುವುದೇ ಕಾನೂನಿನ ಕೆಲಸ. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದು ವರ್ಜೀನಿಯಾ 1662ರಲ್ಲೇ ವಿಧಿಸಿತ್ತು. ಯಜಮಾನ ಎಷ್ಟೇ ಕರುಣಾಳುವಾಗಿರಲಿ, ಅವನ ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ್ದು ಅವನ ಆಸ್ತಿಯೇ. ಅವನು ಸತ್ತರೆ ಅದು ವಾರಸುದಾರರಿಗೆ, ಸಾಲ ಮಾಡಿದ್ದರೆ ಸಾಲ ಕೊಟ್ಟವರಿಗೆ.

ಜೋನ್ಸ್ ಇದನ್ನು ಎಲ್ಲಿಯೂ ಭಾಷಣ ಮಾಡಿ ಹೇಳುವುದಿಲ್ಲ. ಅವರ ಷೆರೀಫ್ ಜಾನ್ ಸ್ಕಿಫಿಂಗ್ಟನ್ ದೈವಭಕ್ತ, ಗುಲಾಮರನ್ನು ಇಟ್ಟುಕೊಳ್ಳುವುದು ತಪ್ಪೆಂದು ನಂಬಿದವನು. ಮದುವೆಯ ಉಡುಗೊರೆಯಾಗಿ ಬಂದ ಪುಟ್ಟ ಹುಡುಗಿ ಮಿನರ್ವಾಳನ್ನು ಗಂಡಹೆಂಡತಿ ಮಗಳಂತೆ ಸಾಕುತ್ತಾರೆ. ಆದರೂ ಅವಳು ಅವರ ಆಸ್ತಿ. ಓಡಿಹೋದ ಗುಲಾಮರನ್ನು ಹಿಡಿಸುವುದು ಅವನ ನೌಕರಿ. ಅವನ ಕೈಕೆಳಗಿನ ಗಸ್ತುಗಾರರು ಒಂದು ರಾತ್ರಿ ಅಗಸ್ಟಸ್‌ನನ್ನು ತಡೆಯುತ್ತಾರೆ. ಟ್ರಾವಿಸ್ ಎಂಬವನು ಅವನ ಬಿಡುಗಡೆ ಪತ್ರವನ್ನು ಅಗಿದು ನುಂಗುತ್ತಾನೆ, ಅಲ್ಲೇ ಅವನನ್ನು ಮಾರಿಬಿಡುತ್ತಾನೆ. ಬಿಳಿಯನ ವಿರುದ್ಧ ಕಪ್ಪು ಮನುಷ್ಯ ಸಾಕ್ಷಿ ಹೇಳುವಂತಿಲ್ಲದ ರಾಜ್ಯದಲ್ಲಿ ಆ ಪತ್ರವೊಂದೇ ಅವನ ಪರ ಮಾತಾಡಬಲ್ಲದಾಗಿತ್ತು. ಕಾನೂನು ಮುರಿದದ್ದು ಟ್ರಾವಿಸ್ ನಿಜ, ಆದರೆ ಮುರಿಯುವುದನ್ನು ಅಷ್ಟು ಸಲೀಸು ಮಾಡಿಟ್ಟದ್ದೂ ಕಾನೂನೇ.

ಬೆಳೆದ ಹೆನ್ರಿ ತಾನೇ ಯಜಮಾನನಾಗುವುದು ಕಾದಂಬರಿಯ ನಡುಬೆನ್ನು. 1855ರಲ್ಲಿ 31ನೆಯ ವಯಸ್ಸಿಗೆ ಸಾಯುವಾಗ ಅವನ ಹೆಸರಿನಲ್ಲಿ 33 ಗುಲಾಮರಿದ್ದಾರೆ. ಮೊದಲ ಗುಲಾಮನನ್ನು ಕೊಂಡ ಸುದ್ದಿ ಕೇಳಿ ಅಗಸ್ಟಸ್ ಕೈಯಲ್ಲಿದ್ದ ಕೋಲಿನಿಂದ ಮಗನ ಭುಜಕ್ಕೆ ಹೊಡೆಯುತ್ತಾನೆ. ಗುಲಾಮನಿಗೆ ಹೇಗಿರುತ್ತದೆ ಎಂಬುದು ತಂದೆ ಕಲಿಸಬಯಸಿದ ಪಾಠ. ಮಗ ಆ ಕೋಲನ್ನೇ ಮುರಿದು ಯಜಮಾನನಿಗೆ ಹೇಗಿರುತ್ತದೆ ಎಂದು ತೋರಿಸುತ್ತಾನೆ. ತಂದೆಯ ಸ್ವತ್ತಾಗಿ ಬೆಳೆದವನಿಗೆ ಒಡೆತನ ಎಂಬುದು ಪ್ರೀತಿಯ ಮನೆಯಲ್ಲೇ ಪರಿಚಯವಾಗಿತ್ತು ಎಂಬ ಭಯಂಕರ ಸೂಚನೆ ಇಲ್ಲಿದೆ.

ಆದರೆ ಇಲ್ಲಿಯೇ ಒಂದು ತೊಡಕೂ ಇದೆ. ನ್ಯಾಟ್ ಟರ್ನರ್‌ನ 1831ರ ದಂಗೆಗೆ ಬೆದರಿದ ವರ್ಜೀನಿಯಾ, ಮರುವರ್ಷ ಸ್ವತಂತ್ರ ಕಪ್ಪು ಜನರಿಗೆ ಗಂಡ, ಹೆಂಡತಿ, ಮಕ್ಕಳನ್ನು ಬಿಟ್ಟು ಬೇರೆ ಗುಲಾಮರನ್ನು ಕೊಳ್ಳುವ ಹಕ್ಕನ್ನೇ ತೆಗೆದುಹಾಕಿತು. ಪಿತ್ರಾರ್ಜಿತವಾಗಿ ಬಂದವರಿಗೆ ಮಾತ್ರ ವಿನಾಯಿತಿ. ಆಗ ಹೆನ್ರಿ ಇನ್ನೂ ಬಾಲಕ. ಅಂದರೆ ಅವನ ಖರೀದಿಗಳು ನಿಜವಾದ ವರ್ಜೀನಿಯಾದಲ್ಲಿ ಊರ್ಜಿತವಾಗುತ್ತಿರಲಿಲ್ಲ. ಜೋನ್ಸ್‌ರ ಮ್ಯಾಂಚೆಸ್ಟರ್ ಕೌಂಟಿ ಕಲ್ಪಿತ ಊರು, ಅದರ ಜನಗಣತಿಯ ಅಂಕಿಗಳೂ ಕಲ್ಪಿತ. ಕಾದಂಬರಿಕಾರನಿಗೆ ಆ ಸ್ವಾತಂತ್ರ್ಯ ಇದ್ದೇ ಇದೆ. ನಾವು ಕೇಳಬೇಕಾದದ್ದು, ಈ ಬದಲಾವಣೆಯಿಂದ ಕೃತಿ ಗಳಿಸಿದ್ದೇನು, ಕಳೆದುಕೊಂಡದ್ದೇನು ಎಂದು.

ಗಳಿಕೆ ದೊಡ್ಡದು. ಮನುಷ್ಯನನ್ನು ಆಸ್ತಿಯೆಂದು ಬರೆಯುವ ವ್ಯವಸ್ಥೆ, ಪತ್ರದ ಮೇಲೆ ಯಾರ ಹೆಸರಿದ್ದರೂ ಯಜಮಾನನನ್ನೇ ಹುಟ್ಟಿಸುತ್ತದೆ ಎಂಬುದನ್ನು ಹೆನ್ರಿಯ ಬದುಕು ತೋರಿಸುತ್ತದೆ. ನಷ್ಟವೂ ಸಣ್ಣದಲ್ಲ. ತನಗೆ ಸಂಪೂರ್ಣ ತಲೆಬಾಗಿದ ಕಪ್ಪು ಮನುಷ್ಯನನ್ನೂ ಆ ಕಾನೂನು ನಂಬಲಿಲ್ಲ, ಒಡೆತನವನ್ನು ಬಿಳಿಯರ ಮೀಸಲು ಮಾಡಿಕೊಳ್ಳುತ್ತ ಹೋಯಿತು. ಹೆನ್ರಿಯ ಯಜಮಾನಿಕೆ ಇರುವುದಕ್ಕಿಂತ ಗಟ್ಟಿಯಾಗಿ ಕಾಣುವುದು ಈ ಮಾತು ಕಾದಂಬರಿಯಲ್ಲಿ ಮರೆಯಾದ್ದರಿಂದ.

ಟೋನಿ ಮಾರಿಸನ್‌ರ ‘ಬಿಲವೆಡ್’ (1987) ಕೂಡ ದಾಖಲೆಯಿಂದ ಕವಲೊಡೆದ ಕೃತಿ. 1856ರಲ್ಲಿ ಹೆಪ್ಪುಗಟ್ಟಿದ ಒಹಾಯೊ ನದಿ ದಾಟಿ ಬಂದ ಮಾರ್ಗರೆಟ್ ಗಾರ್ನರ್, ಹಿಡಿಯಲು ಬಂದವರ ಕೈಗೆ ಸಿಗಬಾರದೆಂದು ಮಗಳನ್ನು ಕೊಂದಳು. ಒಹಾಯೊ ಅವಳನ್ನು ಕೊಲೆಗಾಗಿ ವಿಚಾರಿಸಬೇಕೇ, ಅಥವಾ 1850ರ ಪಲಾಯಿತ ಗುಲಾಮರ ಕಾಯ್ದೆಯಂತೆ ಒಡೆಯನಿಗೆ ಒಪ್ಪಿಸಬೇಕೇ ಎಂಬ ವ್ಯಾಜ್ಯ ನಡೆದು, ಕೊನೆಗೆ ಅವಳನ್ನು ಒಪ್ಪಿಸಲಾಯಿತು. ಕೊಲೆಯ ಮೊಕದ್ದಮೆ ನಡೆದಿದ್ದರೆ ಅವಳು ಮನುಷ್ಯಳು, ತಾಯಿ ಎಂದು ಒಪ್ಪಿದಂತಾಗುತ್ತಿತ್ತು. ಮಾರಿಸನ್ ಈ ವ್ಯಾಜ್ಯವನ್ನು ಬದಿಗಿಟ್ಟರು. ಮಗಳನ್ನು ಕೊಂದ ಅವರ ನಾಯಕಿ ಸೆಥೆ ಗುಲಾಮಗಿರಿಗೆ ಮರಳುವುದಿಲ್ಲ. ಕಥೆಯ ವರ್ತಮಾನ 1873, ಕಾಯ್ದೆಯೇ ರದ್ದಾಗಿದೆ. ಆದರೂ ಸತ್ತ ಮಗು ಮನೆ ಬಿಡುವುದಿಲ್ಲ. ಕಾನೂನು ಪುಸ್ತಕದಿಂದ ಅಳಿದರೂ ಅದು ಮಾಡಿಸಿದ್ದು ಅಳಿಯುವುದಿಲ್ಲ ಎಂಬುದಕ್ಕೆ ನ್ಯಾಯಾಲಯದ ದೃಶ್ಯ ಬೇಕಾಗಲಿಲ್ಲ. ಈ ಬದಲಾವಣೆ ಕಾನೂನಿನ ಹೊಣೆಯನ್ನು ಹಗುರ ಮಾಡದೆ ಅದರ ಆಯುಸ್ಸನ್ನು ಉದ್ದವಾಗಿಸುತ್ತದೆ.

ದಾಖಲೆಗೆ ಅತಿ ಹತ್ತಿರ ಉಳಿದವರು ಹ್ಯಾರಿಯಟ್ ಬೀಚರ್ ಸ್ಟೋವ್. ಬಾಡಿಗೆಗೆ ಪಡೆದ ಲಿಡಿಯಾ ಎಂಬ ಗುಲಾಮಳಿಗೆ ಗುಂಡು ಹಾರಿಸಿದವನಿಗೆ ಶಿಕ್ಷೆಯಾಗಬಾರದು ಎಂದು 1829ರಲ್ಲಿ ಉತ್ತರ ಕೆರೊಲಿನಾದ ನ್ಯಾಯಾಧೀಶ ಥಾಮಸ್ ರಫಿನ್ ತೀರ್ಪಿತ್ತರು. ಗುಲಾಮರ ವಿಧೇಯತೆ ಪೂರ್ಣವಾಗಬೇಕಾದರೆ ಯಜಮಾನನ ಅಧಿಕಾರಕ್ಕೆ ಮಿತಿ ಇರಬಾರದೆಂಬುದು ಅವರ ತರ್ಕ. ಸ್ಟೋವ್ ‘ಡ್ರೆಡ್’ (1856) ಕಾದಂಬರಿಯಲ್ಲಿ ಆ ತೀರ್ಪನ್ನು ಒಬ್ಬ ತಂದೆಯ ಬಾಯಲ್ಲಿ, ಮಗ ವಾದಿಸಿ ಗೆದ್ದಿದ್ದ ಮೊಕದ್ದಮೆಯ ಮೇಲೆಯೇ ಇಡುತ್ತಾರೆ. ಮಗ ವಕೀಲಿ ತೊರೆಯುತ್ತಾನೆ. ಸಂದರ್ಭ ಬಲವಾದದ್ದು, ಆದರೆ ಪೆಟ್ಟು ತಿಂದ ಗುಲಾಮಳಾದ ಮಿಲ್ಲಿಗಿಂತ ಇಬ್ಬರು ವಿದ್ಯಾವಂತರ ಧರ್ಮಸಂಕಟವೇ ಅಲ್ಲಿ ಮುಖ್ಯವಾಗುತ್ತದೆ. ಕಾನೂನು ತರ್ಕವಾಗಿ ಕೇಳಿಸುತ್ತದೆ, ಬದುಕಾಗಿ ತಟ್ಟುವುದಿಲ್ಲ.

ಹಾಗಾಗಿ ಇಂಥ ಕೃತಿಗಳನ್ನು ಕಾಯ್ದೆಯ ಪುಸ್ತಕ ಹಿಡಿದು ತಪ್ಪು ಎಣಿಸಿ ಅಳೆಯಲಾಗದು. ಆದರೆ ಆ ಪುಸ್ತಕ ಓದದೆಯೂ ಅಳೆಯಲಾಗದು; 1832ರ ಕಾಯ್ದೆ ತಿಳಿದ ಮೇಲೆ ಜೋನ್ಸ್‌ರ ಸಾಧನೆ ಮತ್ತು ಮಿತಿ ಎರಡೂ ಸ್ಪಷ್ಟವಾಗುತ್ತವೆ. ಮಿತಿಯ ಜೊತೆಗೇ ನಾನು ಅವರ ಕಾದಂಬರಿಯನ್ನು ಮೂರರಲ್ಲಿ ಮೊದಲು ಓದಲು ಹೇಳುತ್ತೇನೆ. ಕೆಟ್ಟವರನ್ನು ಕೆಟ್ಟವರಾಗಿಸಲು ಯಾವ ಕಾಯ್ದೆಯೂ ಬೇಕಿಲ್ಲ. ಒಬ್ಬ ಒಳ್ಳೆಯ ತಂದೆಯನ್ನು ಮಗನ ಒಡೆಯನನ್ನಾಗಿ ಮಾಡಲು ಮಾತ್ರ ಕಾಯ್ದೆ ಬೇಕಾಗುತ್ತದೆ, ಮತ್ತು ಅದನ್ನು ಕಾಣಿಸಲು ಜೋನ್ಸ್‌ರಂಥ ಕಾದಂಬರಿಕಾರ ಬೇಕಾಗುತ್ತದೆ.